ಜಟ್ಟಿಗೆ ಸಂಬಳ ಯಾರು ಕೊಡ್ತಾರೆ?

2021ರ ಮೇ 15ರಂದು ಸಿಂಗಪುರದಲ್ಲಿ ಅರ್ಜನ್ ಭುಲ್ಲರ್ ಅನ್ನೋ 35 ವರ್ಷದ ಪೈಲ್ವಾನ ಬ್ರಾಂಡನ್ ವೆರಾನನ್ನು ಎರಡನೇ ಸುತ್ತಿನಲ್ಲಿ ನೆಲಕ್ಕೆ ಕೆಡವಿ, ಮೇಲಿಂದ ಗುದ್ದಿ, ಒನ್ ಚಾಂಪಿಯನ್‌ಷಿಪ್‌ನ ಹೆವಿವೇಟ್ ಬೆಲ್ಟ್ ಕಿತ್ಕೊಂಡ. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್‌ನ ದೊಡ್ಡ ಸಂಸ್ಥೆಯೊಂದರಲ್ಲಿ ಭಾರತೀಯ ಮೂಲದವನೊಬ್ಬ ವಿಶ್ವ ಚಾಂಪಿಯನ್ ಆದದ್ದು ಅದೇ ಮೊದಲು. ಆವತ್ತಿನ ಕಾರ್ಯಕ್ರಮಕ್ಕೆ ಇಟ್ಟಿದ್ದ ಹೆಸರೇ 'ದಂಗಲ್'.

ಭುಲ್ಲರ್ ಕೆನಡಾದವನು, ಪಂಜಾಬಿ ಮನೆತನ, ಅಪ್ಪನೂ ಪೈಲ್ವಾನ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 120 ಕೆಜಿ ಕುಸ್ತಿಯಲ್ಲಿ ಕೆನಡಾಕ್ಕೆ ಚಿನ್ನ ಗೆದ್ದುಕೊಟ್ಟ. 2012ರಲ್ಲಿ ಲಂಡನ್ ಒಲಿಂಪಿಕ್ಸ್ ಆಯ್ತು. ಆಮೇಲೆ ಗುದ್ದೋದು, ಒದೆಯೋದು ಕಲಿತು 2017ರಲ್ಲಿ ಯುಎಫ್‌ಸಿ ಸೇರಿದ. ಅಲ್ಲಿ ನಾಲ್ಕು ಪಂದ್ಯ, ಮೂರು ಗೆಲುವು. 2019ರಲ್ಲಿ ಒನ್‌ಗೆ ಬಂದ. ಬೆಲ್ಟ್ ಗೆದ್ದ ಮೇಲೆ ಏನಾಯ್ತು ಅನ್ನೋದು ನನಗೆ ಇನ್ನೂ ಕುತೂಹಲದ ಸಂಗತಿ: ಎರಡು ವರ್ಷಕ್ಕೂ ಹೆಚ್ಚು ಕಾಲ ಅವನು ಒಂದು ಪಂದ್ಯವನ್ನೂ ಆಡಲಿಲ್ಲ. ಗಾಯ, ಒಪ್ಪಂದದ ಮಾತುಕತೆ, ಮತ್ತೆ ಮಾತುಕತೆ. ಅಷ್ಟರಲ್ಲಿ ಸಂಸ್ಥೆ ಇನ್ನೊಬ್ಬನನ್ನು ಹಂಗಾಮಿ ಚಾಂಪಿಯನ್ ಮಾಡಿತ್ತು. 2023ರ ಜೂನ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಅದೇ ಅನತೋಲಿ ಮಲಿಖಿನ್ ಮೂರನೇ ಸುತ್ತಿನಲ್ಲಿ ಇವನನ್ನು ಸೋಲಿಸಿದ.

ನಾವು ಐಟಿಯವರು ಪ್ರಾಜೆಕ್ಟ್ ಇಲ್ಲದೆ ಬೆಂಚಿನ ಮೇಲೆ ಕೂತಾಗ ಮೈಯೆಲ್ಲ ಕಿವಿಯಾಗಿಸಿಕೊಂಡು ಹೆದರ್ತೀವಿ, ಆದ್ರೂ ತಿಂಗಳ ಕೊನೆಗೆ ಸಂಬಳ ಬೀಳುತ್ತೆ. ಕಾದಾಡುವವನಿಗೆ ಆ ಬೆಂಚೇ ಇಲ್ಲ. ಪಂದ್ಯ ಆಡಿದರೆ ದುಡ್ಡು. ಅವನ ವರ್ಷದಲ್ಲಿ ಕಾದಾಟ ಅಂತ ಇರೋದು ಕೆಲವು ನಿಮಿಷ. ಮಿಕ್ಕಿದ್ದೆಲ್ಲ ಸಾಮು, ಊಟ, ನಿದ್ದೆ, ಪೆಟ್ಟು ಮಾಯುವ ತನಕ ಕಾಯೋದು. ಆ ದಿನಗಳ ಖರ್ಚು ಯಾರದ್ದು? ಈ ಪ್ರಶ್ನೆ ಲಾಸ್ ವೇಗಾಸ್‌ನಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಮೊದಲು ಉತ್ತರ ಬರೆದಿಟ್ಟವರಲ್ಲಿ ಒಬ್ಬ ನಮ್ಮ ಕಡೆಯವನೇ.

ಯಾದಗಿರಿಯ ರಾಮಸಮುದ್ರದಿಂದ ಕಲಬುರಗಿ ದಾಟಿ ಉತ್ತರಕ್ಕೆ ಹೋದರೆ ಬಸವಕಲ್ಯಾಣ. ಅಲ್ಲಿಂದ ಆಳಿದ ಚಾಲುಕ್ಯರಿಗೆ 'ಮಲ್ಲ' ಅನ್ನೋ ಪದದ ಮೇಲೆ ವಿಪರೀತ ಮೋಹ. ಆಹವಮಲ್ಲ, ತ್ರಿಭುವನಮಲ್ಲ ಅಂತ ಬಿರುದು ಹೊತ್ಕೊಂಡವರು ಅವರು. ಮೂರನೇ ಸೋಮೇಶ್ವರನ ಬಿರುದು ಭೂಲೋಕಮಲ್ಲ. ಈತ 1129ರ ಸುಮಾರಿಗೆ 'ಮಾನಸೋಲ್ಲಾಸ' ಅನ್ನೋ ಸಂಸ್ಕೃತ ಗ್ರಂಥ ಬರೆದ. ರಾಜ್ಯಭಾರದಿಂದ ಹಿಡಿದು ಅಡಿಗೆಯವರೆಗೆ ಎಲ್ಲವೂ ಇರುವ ಆ ಪುಸ್ತಕದಲ್ಲಿ 'ಮಲ್ಲವಿನೋದ' ಅಂತ ಒಂದು ಭಾಗ ಇದೆ. ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ದರ್ಜೆ ಮಾಡಬೇಕು ಅಂತಾನೆ. ಇವತ್ತು 93 ಕೆಜಿ ದಾಟಿ 120 ಕೆಜಿ ತನಕ ಇದ್ದವನು ಹೆವಿವೇಟ್ ಅಂತೀವಲ್ಲ, ಆ ಯೋಚನೆಯ ಬೇರು ಇಂಥದ್ದೇ. ಸರಿಸಮಾನರನ್ನು ಜೋಡಿ ಕಟ್ಟದಿದ್ದರೆ ಅದು ಆಟ ಅಲ್ಲ, ಬಲಿ.

ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಊಟದ ಮಾತು. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಒಳ್ಳೆ ಸಿಹಿತಿಂಡಿ, ಇದೆಲ್ಲ ಜಟ್ಟಿಗಳಿಗೆ ಒದಗಿಸೋದು ರಾಜನ ಹೊಣೆ. ಅರಮನೆಯ ಹೆಂಗಸರಿಂದ ಅವರನ್ನು ದೂರ ಇಡಬೇಕು, ದಿನವೂ ಸಾಮು ಮಾಡಿಸಬೇಕು. ಅಂದ್ರೆ ಜಟ್ಟಿ ಅರಮನೆಯ ಖರ್ಚಿನ ಬಾಬ್ತು. ಕಾಳಗ ಇರಲಿ, ಇಲ್ಲದಿರಲಿ ಅವನ ಹೊಟ್ಟೆ ತುಂಬಬೇಕು. ಸ್ವಾತಂತ್ರ್ಯ ಕಮ್ಮಿ, ನಿಜ. ಆದರೆ ಹಸಿವೂ ಕಮ್ಮಿ.

ನಾಲ್ಕು ಶತಮಾನ ದಾಟಿ ಹಂಪಿಗೆ ಬಂದರೆ ಚಿತ್ರ ಇನ್ನೂ ಸ್ಪಷ್ಟ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯಲ್ಲಿ ಕಂಡ ಕುಸ್ತಿ ಅವನ ದೇಶದ ಕುಸ್ತಿ ಥರ ಇರಲಿಲ್ಲ. ಹಲ್ಲು ಮುರಿಯೋ, ಕಣ್ಣು ಹೋಗೋ ಹಾಗೆ ಗುದ್ದಾಟ. ಜೊತೆಗೆ ಎತ್ತಿ ಒಗೆಯೋದೂ ಇತ್ತು. ಮಾತೇ ಹೊರಡದ ಸ್ಥಿತಿಯಲ್ಲಿ ಕೆಲವರನ್ನು ಗೆಳೆಯರು ಹೊತ್ಕೊಂಡು ಹೋಗ್ತಿದ್ದರು. ಇಬ್ಬರನ್ನೂ ಸಮಸಮ ನಿಲ್ಲಿಸೋಕೆ, ಗೆದ್ದವನಿಗೆ ಮರ್ಯಾದೆ ಮಾಡೋಕೆ ಪಂಚರಿದ್ದರು. ಗುದ್ದು ಮತ್ತು ಪಟ್ಟು ಎರಡೂ ಸೇರಿದ, ರೆಫರಿ ಇರುವ ಕಾದಾಟ. ಇದಕ್ಕೆ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಅನ್ನದೆ ಇನ್ನೇನು ಅನ್ನೋಣ?

ಪಾಯೆಸ್ ನಂತರ ಬಂದವನು ಫೆರ್ನಾವ್ ನೂನಿಜ್, ಕುದುರೆ ವ್ಯಾಪಾರಿ. ವ್ಯಾಪಾರಿಯ ಕಣ್ಣು ಲೆಕ್ಕದ ಕಡೆ ಹೋಗೋದು ಸಹಜ. ಹಬ್ಬಕ್ಕೆ ರಾಜನ ಬಳಿ ಸಾವಿರ ಜಟ್ಟಿಗಳಿದ್ದರು, ಮೊನೆಗಳಿದ್ದ ಬಳೆಯಂಥ ಆಯುಧ ಕೈಯಲ್ಲಿ ಹಿಡಿದು ಒಬ್ಬರನ್ನೊಬ್ಬರು ಗಾಯ ಮಾಡ್ತಿದ್ದರು ಅಂತ ಬರೆದಿದ್ದಾನೆ. ಅವರಿಗೊಬ್ಬ ನಾಯಕ ಇದ್ದ. ರಾಜ್ಯದಲ್ಲಿ ಬೇರೆ ಯಾವ ಚಾಕರಿಯೂ ಅವರಿಗಿರಲಿಲ್ಲ. ಇದಕ್ಕಿಂತ ಚೊಕ್ಕವಾಗಿ 'ವೃತ್ತಿಪರ' ಅನ್ನೋ ಪದವನ್ನು ವಿವರಿಸೋದು ಕಷ್ಟ. ಇನ್ನೊಂದು ಸಾಲು ಓದಿದಾಗಂತೂ ನಾನು ಪುಟ ತಿರುಗಿಸಲಿಲ್ಲ: ಹೆಚ್ಚು ಗಾಯ ಆದವನು ಹೋಗಿ ರಾಜನಿಂದ ರೇಷ್ಮೆ ಬಟ್ಟೆ ಇಸ್ಕೊಳ್ತಿದ್ದ. ಹೆಚ್ಚು ಗಾಯ ಆದವನು! ಗೆಲುವಿಗಲ್ಲ, ಸುರಿಸಿದ ರಕ್ತಕ್ಕೆ ಬೆಲೆ.

ನಮ್ಮ ಸೀಮೆ ಆಮೇಲೆ ನಿಜಾಮರ ಪಾಲಾಯ್ತು. ಮೈಸೂರಿನ ದಸರಾ ಕಾಳಗ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಜಾತ್ರೆ ಕುಸ್ತಿ. ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ, ಹೊತ್ತು ಮುಳುಗೋ ಹೊತ್ತಿಗೆ ಬೆಳ್ಳಿ ಕಡಗದ ಜೋಡಿ ಬಿಡೋದು, ಹಲಗಿ ಬಡಿಯೋದು. ಊರಲ್ಲಿ ಕಡಗ ಗೆದ್ದ ಕಾಕಾ ಒಬ್ಬರಿದ್ದರು. "ಕಡಗ ಒಂದ್ ದಿನದ್ದು ತಮ್ಮಾ, ಖುರಾಕು ವರ್ಷದ್ದು" ಅಂತಿದ್ದರು. ಅವರ ಕಡಗ ಮುಂಗಾರಿನ ಬೀಜಕ್ಕಂತ ಸಾವುಕಾರನ ಹತ್ತಿರ ಒತ್ತೆ ಹೋಗ್ತಿತ್ತು, ರಾಶಿ ಆದ ಮೇಲೆ ವಾಪಸ್ ಬರ್ತಿತ್ತು. ರಾಜ ಇಲ್ಲದ ಕಡೆ ಪೈಲ್ವಾನನ ಲೆಕ್ಕ ಹೀಗೆ.

ರಾಜ ಉಳಿದಿದ್ದ ಕಡೆ, ಅಂದ್ರೆ ಮೈಸೂರಲ್ಲಿ, ವಿಜಯನಗರದ ಆ ಆಯುಧದ ಕಾಳಗ ವಜ್ರಮುಷ್ಟಿ ಅನ್ನೋ ಹೆಸರಲ್ಲಿ ಮುಂದುವರಿಯಿತು. ಹತ್ತೊಂಬತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಮೈಸೂರಿನ ಇತಿಹಾಸದಲ್ಲಿ ಅದನ್ನು ಒಬ್ಬ ಎಂಜಿನಿಯರ್ ಥರ ವಿವರಿಸ್ತಾನೆ. ತೊಡೆಯ ಅರ್ಧಕ್ಕೆ ಬರೋ ಕಿತ್ತಳೆ ಬಣ್ಣದ ಚಲ್ಲಣ. ಬಲಗೈಗೆ ಮಾತ್ರ ಎಮ್ಮೆ ಕೊಂಬಿನ ಆಯುಧ. ಬೆರಳ ಗೆಣ್ಣುಗಳ ಥರ ನಾಲ್ಕು ಚೂಪು ಗುಬುಟು, ಕಿರುಬೆರಳ ಕಡೆ ಐದನೆಯದು, ಇನ್ನೂ ಉದ್ದ. ಸರಿಯಾಗಿ ಹಿಡಿದರೆ ಸಾಮಾನ್ಯ ಬಲದವನೂ ಎದುರಾಳಿಯ ತಲೆ ಸೀಳಬಹುದು. ಅದಕ್ಕೇ ಅದನ್ನು ಸರಿಯಾಗಿ ಹಿಡಿಯೋಕೆ ಬಿಡೋದಿಲ್ಲ! ಬೆರಳುಗಳ ನಡುಗೆಣ್ಣಿನ ಹತ್ತಿರ ಕಟ್ಟೋದರಿಂದ, ಜೋರಾಗಿ ಹೊಡೆದರೆ ಹೊಡೆದವನ ಬೆರಳುಗಳೇ ಕೀಲು ತಪ್ಪುತ್ತವೆ.

ಎಂಥ ಜಾಣ ವಿನ್ಯಾಸ ನೋಡಿ. ಇವತ್ತಿನ ಕೈಗವಸು ಇದರ ತಿರುವುಮುರುವು. ಗವಸು ಕಾಯೋದು ಹೊಡೆಯುವವನ ಮುಷ್ಟಿಯನ್ನು. ಮುಷ್ಟಿ ನೋಯದಿದ್ದರೆ ತಲೆಗೆ ಇನ್ನೂ ನಾಲ್ಕು ಗುದ್ದು ಹಾಕಬಹುದು. 1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ನಡೆದಾಗ ತೂಕದ ದರ್ಜೆಯೂ ಇರಲಿಲ್ಲ, ಗವಸಿನ ಕಡ್ಡಾಯವೂ ಇರಲಿಲ್ಲ. ಆರ್ಟ್ ಜಿಮರ್ಸನ್ ಅನ್ನೋ ಬಾಕ್ಸರ್ ಒಂದೇ ಕೈಗೆ ಗವಸು ಹಾಕ್ಕೊಂಡು ಬಂದಿದ್ದ. ವಿಲ್ಕ್ಸ್ ನೋಡಿದ್ದರೆ ನಗ್ತಿದ್ದನೇನೋ. ನಿಯಮಗಳು ಆಮೇಲೆ ಒಂದೊಂದಾಗಿ ಬಂದವು. ಈಗ ಚಾಂಪಿಯನ್‌ಷಿಪ್ ಪಂದ್ಯ ಅಂದ್ರೆ ಐದು ನಿಮಿಷದ ಐದು ಸುತ್ತು, 25 ನಿಮಿಷ. ವಜ್ರಮುಷ್ಟಿ? ತಲೆಯಿಂದ ಮೊದಲ ಹನಿ ರಕ್ತ ಬಂತೋ, ಮುಗೀತು. ಒಂದು ನಿಮಿಷವೂ ಹಿಡಿಯೋದಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಕ್ರೂರ ಅಂತ ಕೇಳಿದರೆ, ರಕ್ತ ಕಾಣುವ ವಜ್ರಮುಷ್ಟಿ ಅಂತ ಹೇಳೋದು ಸುಲಭ. ನಾನು ಹಾಗೆ ಹೇಳಲಾರೆ. ನೆತ್ತಿಯ ಗಾಯ ಮಾಯುತ್ತೆ. ವರ್ಷಗಟ್ಟಲೆ ಅಲ್ಲಾಡಿದ ಮಿದುಳಿನ ಕಥೆ ಬೇರೆ.

ಆಶ್ರಯ ಅಂದ್ರೆ ಬರೀ ಹಾಲು ಸಕ್ಕರೆ ಅಂತ ತಿಳ್ಕೋಬೇಡಿ. ಉಣ್ಣಿಸಿದವನು ಬೇರೆ ಕೆಲಸವನ್ನೂ ಹೇಳ್ತಾನೆ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ ಇಂಗ್ಲಿಷರ ಬರಹಗಳಲ್ಲಿ ಜಟ್ಟಿಗಳು ಮರಣದಂಡನೆ ಜಾರಿ ಮಾಡುವವರಾಗಿ, ಕತ್ತು ತಿರುವಿ ಕೊಲ್ಲುವವರಾಗಿ ಕಾಣಿಸ್ತಾರೆ. ಕುತ್ತಿಗೆ ಎಲ್ಲಿ ಮುರಿಯುತ್ತೆ ಅಂತ ಬಲ್ಲ ಕೈಗೆ ಮೂಳೆ ಎಲ್ಲಿ ಕೂರುತ್ತೆ ಅಂತಲೂ ಗೊತ್ತಿರುತ್ತೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಬರೆಯುವ ಹೊತ್ತಿಗೆ, ಮೈಸೂರು, ಚನ್ನಪಟ್ಟಣದ ಜಟ್ಟಿಗಳು ಕೀಲು ತಪ್ಪಿದ್ದನ್ನು ಕೂರಿಸೋದಕ್ಕೆ, ಮೈ ತಿಕ್ಕೋದಕ್ಕೆ ಹೆಸರಾಗಿದ್ದರು. ಕಾದಾಟದ ವಯಸ್ಸು ಮುಗಿದವನಿಗೆ ಅದೇ ಪಿಂಚಣಿ. ಪಟ್ಟಿನ ವಿದ್ಯೆಯೇ ಅನ್ನದ ವಿದ್ಯೆಯಾಯ್ತು. ಭುಲ್ಲರ್‌ನ ತಲೆಮಾರಿನವರು ಜಿಮ್ ತೆರೆಯೋದು, ಕಾಮೆಂಟರಿಗೆ ಕೂರೋದು ಇದರದ್ದೇ ಇನ್ನೊಂದು ದಾರಿ.

1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಬಂದು ರಾಜಧನ ನಿಂತಿತು. ಭೂಲೋಕಮಲ್ಲ ಬರೆದಿಟ್ಟ ಆ ಹೊಣೆ ಹೊರುವ ರಾಜ ಅಲ್ಲಿಗೆ ಇಲ್ಲವಾದ. ಆದರೂ ವಜ್ರಮುಷ್ಟಿ ನಿಂತಿಲ್ಲ. ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯ ಒಳತೊಟ್ಟಿಯಲ್ಲಿ ಕೆಮ್ಮಣ್ಣು ಹಾಕಿ ಕಣ ಮಾಡ್ತಾರೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನಗಳಿಂದ ಎರಡು ಜೋಡಿ ಬರುತ್ತೆ. ತಲೆ ಬೋಳಿಸಿ ಒಂದು ಜುಟ್ಟು ಬಿಟ್ಟಿರ್ತಾರೆ. ಅವರ ಬದುಕು ಈಗ ಬೇರೆ ಬೇರೆ ಕೆಲಸಗಳ ಮೇಲೆ ನಿಂತಿದೆ. ದಸರಾ ಹತ್ತಿರ ಬಂದಾಗ ಸಾಮು ಜೋರಾಗುತ್ತೆ. ರಕ್ತ ಕಂಡ ಕೂಡಲೇ ಹಿರಿಯರು ನಡುವೆ ನುಗ್ಗಿ ಬಿಡಿಸ್ತಾರೆ. ರಾಜವಂಶಸ್ಥರು ಬನ್ನಿ ಪೂಜೆಗೆ ಹೊರಡ್ತಾರೆ, ಕ್ಯಾಮೆರಾಗಳು ಅಂಬಾರಿಯ ಕಡೆ ತಿರುಗುತ್ತವೆ. ತಲೆಗೆ ಪಟ್ಟಿ ಕಟ್ಟಿಸಿಕೊಂಡ ಜಟ್ಟಿ ರಜೆ ಮುಗಿಸಿ ತನ್ನ ಕೆಲಸಕ್ಕೆ ವಾಪಸ್ ಹೋಗ್ತಾನೆ.