ಸಹಿಷ್ಣುತೆ ಪರೀಕ್ಷೆ: ಓಟದ ಅಭ್ಯಾಸದಲ್ಲಿ ಪ್ರಗತಿ ಕುಂಠಿತಗೊಂಡಾಗ

ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯ ಸಹಿಷ್ಣುತೆ ಪರೀಕ್ಷೆಯಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಓಡಬೇಕಾಗಿರುತ್ತದೆ. ಇದು ಅರ್ಹತೆಗಷ್ಟೇ ಸೀಮಿತ. ಹೆಚ್ಚಿನ ವೇಗಕ್ಕೆ ಹೆಚ್ಚುವರಿ ಅಂಕಗಳಿರುವುದಿಲ್ಲ.

ಕೆಲವು ವಾರಗಳ ನಂತರ ಓಟದ ಸಮಯ ಇಳಿಯದಿರುವುದು ಸಹಜ. ದೇಹವು ಒಂದೇ ದೂರ, ಒಂದೇ ವೇಗಕ್ಕೆ ಹೊಂದಿಕೊಂಡಿರುತ್ತದೆ. ಆಗ ಅಭ್ಯಾಸ ಕೈಬಿಡದೆ, ಕ್ರಮವನ್ನು ಬದಲಿಸತಕ್ಕದ್ದು:

1. ವಾರಕ್ಕೊಮ್ಮೆ 400 ಮೀಟರ್ ದೂರವನ್ನು 97 ಸೆಕೆಂಡುಗಳೊಳಗೆ, ನಡುವೆ ವಿಶ್ರಾಂತಿ ಪಡೆದು, ನಾಲ್ಕು ಬಾರಿ ಓಡುವುದು. ಈ ವೇಗವನ್ನು ನಾಲ್ಕೂ ಸುತ್ತು ಕಾಯ್ದುಕೊಳ್ಳುವುದೇ ಗುರಿ.
2. ಉಳಿದ ದಿನ ನಿಧಾನ ಓಟ. ಒಂದು ದಿನ ಪೂರ್ಣ ವಿಶ್ರಾಂತಿ.
3. ರಾಜಾಜಿನಗರ, ವಿಜಯನಗರ, ಕೆಂಗೇರಿಯ ಉದ್ಯಾನಗಳಲ್ಲಿ ಓಡುವವರು ಅಳತೆ ಮಾಡಿದ ದೂರದಲ್ಲಿಯೇ ಸಮಯ ದಾಖಲಿಸುವುದು.

ಎದೆನೋವು, ತಲೆಸುತ್ತು ಕಂಡುಬಂದಲ್ಲಿ ಓಟ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು. ಮಾನದಂಡಗಳಿಗೆ ಆಯಾ ಅಧಿಸೂಚನೆಯೇ ಅಂತಿಮ.