ದಾರಿ ಮುಗಿದ ಮೇಲಿನ ಹೊರೆ

1973ರ ಜೂನ್ 10. ನೇಪಾಳದ ವಿರಾಟನಗರದಿಂದ ಕಠ್ಮಂಡುವಿಗೆ ಹೊರಟಿದ್ದ ಪುಟ್ಟ ವಿಮಾನದಲ್ಲಿ ಪ್ರಯಾಣಿಕರ ಜೊತೆಗೆ ಬೇರೊಂದು ಹೊರೆಯೂ ಇತ್ತು. ಅದು ನೇಪಾಳದ ಸರ್ಕಾರಿ ಬ್ಯಾಂಕಿಗೆ ಸೇರಿದ 30 ಲಕ್ಷ ಭಾರತೀಯ ರೂಪಾಯಿ. ಹಿಂದಿ ಚಿತ್ರತಾರೆ ಮಾಲಾ ಸಿನ್ಹಾ ಕೂಡ ಅದೇ ವಿಮಾನದಲ್ಲಿದ್ದರು. ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೆ ಮೂವರು ಯುವಕರು ಎದ್ದು ಪೈಲಟನನ್ನು ಬೆದರಿಸಿ ದಿಕ್ಕು ಬದಲಿಸಿದರು. ವಿಮಾನ ಗಡಿ ದಾಟಿ ಬಿಹಾರದ ಫಾರ್ಬಿಸ್‌ಗಂಜ್‌ನ ಹುಲ್ಲುಪಟ್ಟಿಯ ಮೇಲೆ ಇಳಿಯಿತು. ಅಲ್ಲಿ ಕಾದು ನಿಂತಿದ್ದ ಸಂಗಾತಿಗಳು ಹಣವನ್ನು ಇಳಿಸಿಕೊಂಡು ಹೊರಟರು. ಪ್ರಯಾಣಿಕರನ್ನು ಹೊತ್ತ ವಿಮಾನ ಅದೇ ಹುಲ್ಲಿನಿಂದ ಮತ್ತೆ ಮೇಲೇರಿತು.

ಅರಸನ ಪಂಚಾಯತ್ ಆಡಳಿತದ ವಿರುದ್ಧ ಹೋರಾಡುತ್ತಿದ್ದ ನೇಪಾಳಿ ಕಾಂಗ್ರೆಸ್ಸಿಗರ ಕೆಲಸ ಅದು. ಸಂಚಿನ ಸೂತ್ರ ಹಿಡಿದಿದ್ದ ಗಿರಿಜಾ ಪ್ರಸಾದ್ ಕೊಯಿರಾಲ, ಅದರಲ್ಲಿ ಭಾಗಿಯಾಗಿ ಭಾರತದ ಜೈಲಿನಲ್ಲಿ ಮೂರು ವರ್ಷ ಕಳೆದ ಸುಶೀಲ್ ಕೊಯಿರಾಲ ಇಬ್ಬರೂ ಮುಂದೆ ನೇಪಾಳದ ಪ್ರಧಾನಿಗಳಾದರು. ಹಾಗಾಗಿ ರಾಜಕೀಯದ ಇತಿಹಾಸದಲ್ಲಿ ಈ ಘಟನೆಗೆ ಜಾಗ ಸಿಕ್ಕಿದೆ. ಆದರೆ ಇಡೀ ಕಥೆ ನಡೆಯಲು ಕಾರಣವಾದ ಇನ್ನೊಂದು ಪಾತ್ರದತ್ತ ಹೆಚ್ಚಿನವರ ಗಮನ ಹೋಗುವುದಿಲ್ಲ. ಅದು ಆ ವಿಮಾನ. ಸಿಮೆಂಟಿನ ರನ್‌ವೇ ಬೇಡುವ ಜೆಟ್ ವಿಮಾನವಾಗಿದ್ದರೆ ಹುಲ್ಲಿನ ಮೇಲೆ ಇಳಿಸಿ, ಮತ್ತೆ ಹಾರಿಸಿಕೊಂಡು ಹೋಗುವ ಮಾತೇ ಇರಲಿಲ್ಲ.

ಅದರ ಹೆಸರು ಟ್ವಿನ್ ಆಟರ್. ಆಟರ್ ಎಂದರೆ ನೀರುನಾಯಿ, ಟ್ವಿನ್ ಎಂದರೆ ಎರಡು ಎಂಜಿನ್ನಿನದು ಎಂಬ ಸೂಚನೆ. ರಸ್ತೆ ಇಲ್ಲದ ಊರಿಗೆ ಅಕ್ಕಿ, ಔಷಧಿ, ರೋಗಿ, ಕುರಿಮರಿ ಯಾವುದನ್ನೇ ಆದರೂ ಹೊತ್ತು ಹೋಗುವ ವಿಮಾನ ಇದು. ನೆಲದ ಮೇಲೆ ಇದೇ ಕೆಲಸ ಮಾಡುವ ವಾಹನವೊಂದಿದೆ. ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರು, ಹುಲ್ಲಿನ ಹೊರೆ, ಏಣಿ, ತಲೆಕೆಳಗಾಗಿ ತೂಗುವ ಕೋಳಿಗಳು, ಹೀಗೆ ಏನನ್ನಾದರೂ ಹೇರಿಸಿಕೊಂಡು ಓಡುವ ಮೋಟಾರ್ ಸೈಕಲ್. ಎರಡಕ್ಕೂ ವೇಗದ ಹೆಸರಿಲ್ಲ, ಅಂದದ ಹೆಸರೂ ಇಲ್ಲ. ದೊಡ್ಡ ಗಾಡಿಗಳು ನಿಂತಲ್ಲಿಂದ ಮುಂದಕ್ಕೆ ಹೋಗಬಲ್ಲವು ಎಂಬುದೇ ಇವುಗಳ ಹಿರಿಮೆ. ಆ ಹಿರಿಮೆಗೆ ತೆರಬೇಕಾದ ಬೆಲೆಯೂ ಎರಡಕ್ಕೂ ಒಂದೇ.

<b>ನಿಧಾನವಾಗಿ ಹಾರುವ ವಿದ್ಯೆ</b>

ಟ್ವಿನ್ ಆಟರ್ ಹುಟ್ಟಿದ್ದು ಕೆನಡಾದಲ್ಲಿ. ಆ ದೇಶದ ಉತ್ತರ ಭಾಗದಲ್ಲಿ ಊರುಗಳು ವಿರಳ, ರಸ್ತೆಗಳು ಇನ್ನೂ ವಿರಳ, ಕೆರೆಗಳು ಮಾತ್ರ ಲೆಕ್ಕವಿಲ್ಲದಷ್ಟು. ಎರಡನೇ ಮಹಾಯುದ್ಧ ಮುಗಿದ ಮೇಲೆ ಡಿ ಹ್ಯಾವಿಲ್ಯಾಂಡ್ ಕೆನಡಾ ಕಂಪನಿ ಈ ಕಾಡುಪ್ರದೇಶಕ್ಕೆಂದೇ ವಿಮಾನಗಳನ್ನು ಕಟ್ಟತೊಡಗಿತು. 1947ರಲ್ಲಿ ಹಾರಿದ ಬೀವರ್, 1951ರಲ್ಲಿ ಬಂದ ಆಟರ್ ಎರಡೂ ಒಂಟಿ ಎಂಜಿನ್ನಿನವು. ಒಂದೇ ಎಂಜಿನ್ನಿದ್ದು ಅದು ಕೈಕೊಟ್ಟರೆ ಕೆಳಗೆ ಕಾಡು, ಇಲ್ಲವೇ ಹೆಪ್ಪುಗಟ್ಟಿದ ನೀರು. ಆದ್ದರಿಂದ ಎರಡು ಟರ್ಬೊಪ್ರಾಪ್ ಎಂಜಿನ್ ಕೂರಿಸಿದ ಟ್ವಿನ್ ಆಟರ್ ತಯಾರಾಗಿ 1965ರ ಮೇ 20ರಂದು ಮೊದಲ ಬಾರಿ ಹಾರಿತು. ಅಷ್ಟರಲ್ಲಿ ಹಳೆಯ ಒಂಟಿ ಎಂಜಿನ್ನಿನ ಆಟರ್ ಭಾರತೀಯ ವಾಯುಪಡೆಗೂ ಬಂದಿತ್ತು. ವಾಯುಪಡೆಯ 41ನೇ ಸ್ಕ್ವಾಡ್ರನ್ ತನ್ನ ಹೆಸರನ್ನೇ 'ಆಟರ್ಸ್' ಎಂದು ಇಟ್ಟುಕೊಂಡಿತು.

ಈ ವಿಮಾನದ ಗುಟ್ಟು ಇರುವುದು ಅದು ಎಷ್ಟು ವೇಗವಾಗಿ ಹಾರುತ್ತದೆ ಎಂಬುದರಲ್ಲಲ್ಲ, ಎಷ್ಟು ನಿಧಾನವಾಗಿ ಹಾರಬಲ್ಲದು ಎಂಬುದರಲ್ಲಿ. ಇಳಿಯುವಾಗ ರೆಕ್ಕೆಯ ಹಿಂಬದಿಯ ಪಟ್ಟಿಗಳು ಕೆಳಕ್ಕೆ ಬಾಗಿ ಗಾಳಿಯನ್ನು ಹೆಚ್ಚು ಹಿಡಿಯುತ್ತವೆ. ಹಾಗಾಗಿ ಕಡಿಮೆ ವೇಗದಲ್ಲೂ ವಿಮಾನ ಗಾಳಿಯಲ್ಲಿ ನಿಲ್ಲುತ್ತದೆ. ಚಕ್ರ ನೆಲ ಮುಟ್ಟಿದೊಡನೆ ಪ್ರೊಪೆಲ್ಲರಿನ ಅಲಗುಗಳ ಕೋನ ತಿರುಗಿಸಿದರೆ ಗಾಳಿ ಮುಂದಕ್ಕೆ ನುಗ್ಗಿ ವಿಮಾನವನ್ನು ತಡೆಯುತ್ತದೆ. ರೆಕ್ಕೆ ಮೇಲಿರುವುದರಿಂದ ಕಲ್ಲುಗಳು ಪ್ರೊಪೆಲ್ಲರಿಗೆ ಬಡಿಯುವುದು ಕಡಿಮೆ. ಚಕ್ರಗಳು ಮಡಚಿಕೊಳ್ಳುವುದಿಲ್ಲ. ಹಾಗೆ ಮಡಚುವ ಯಂತ್ರ ಇಲ್ಲದ ಮೇಲೆ ಕೆಡುವ ಭಯವೂ ಇಲ್ಲ. ಚಕ್ರದ ಜಾಗದಲ್ಲಿ ಹಿಮದ ಪಟ್ಟಿ ಕಟ್ಟಬಹುದು, ನೀರಿನ ಮೇಲೆ ತೇಲುವ ದೋಣಿಗಳನ್ನೂ ಕಟ್ಟಬಹುದು. ಸ್ಕಾಟ್ಲೆಂಡಿನ ಬಾರ್ರಾ ದ್ವೀಪದಲ್ಲಿ ಇದು ಇಳಿಯುವುದು ಸಮುದ್ರದ ಮರಳಿನ ಮೇಲೆ. ಉಬ್ಬರದ ಹೊತ್ತಿಗೆ ಆ ರನ್‌ವೇ ನೀರಿನಲ್ಲಿ ಮುಳುಗಿರುತ್ತದೆ. ಮಾಲ್ಡೀವ್ಸ್‌ನಲ್ಲಿ ಇಳಿಯುವುದು ನೇರ ನೀರಿನ ಮೇಲೆ.

2001ರ ಏಪ್ರಿಲ್‌ನಲ್ಲಿ ದಕ್ಷಿಣ ಧ್ರುವದ ಅಮೆರಿಕನ್ ನೆಲೆಯ ವೈದ್ಯ ರೊನಾಲ್ಡ್ ಶೆಮೆನ್‌ಸ್ಕಿ ಅವರೇ ಕಾಯಿಲೆ ಬಿದ್ದರು. ಅಲ್ಲಿ ಚಳಿಗಾಲದ ಕತ್ತಲೆ, ಶೂನ್ಯಕ್ಕಿಂತ 60 ಡಿಗ್ರಿಗೂ ಕೆಳಗಿನ ಚಳಿ. ದೊಡ್ಡ ಹರ್ಕ್ಯುಲಸ್ ವಿಮಾನಗಳು ಅಂಥ ಚಳಿಗೆ ಇಳಿಯುವಂತಿರಲಿಲ್ಲ. ಕೆನಡಾದ ಕಂಪನಿಯೊಂದರ ಟ್ವಿನ್ ಆಟರ್ ಸುಮಾರು ಹತ್ತು ಗಂಟೆ ಹಾರಿ ಅವರನ್ನು ಕರೆತಂದಿತು. ಹೋಗುವಾಗ ಬದಲಿ ವೈದ್ಯರೊಬ್ಬರನ್ನು ಇಳಿಸಿಯೇ ಬಂತು.

<b>ಕುಣಿದು ಮಾಡಿದ ರನ್‌ವೇ</b>

ಈ ವಿಮಾನ ಊರವರ ಬದುಕಿನೊಳಗೇ ಸೇರಿಹೋದದ್ದು ನೇಪಾಳದಲ್ಲಿ. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ, ಶೆರ್ಪಾಗಳಿಗೆ ಶಾಲೆ ಮತ್ತು ಆಸ್ಪತ್ರೆ ಕಟ್ಟಿಸಲು ಸಾಮಾನು ತರಿಸಬೇಕಾಗಿ ಬಂದಾಗ 1964ರಲ್ಲಿ ಲುಕ್ಲಾ ಎಂಬಲ್ಲಿ ವಿಮಾನ ಇಳಿಯುವ ಪಟ್ಟಿ ಮಾಡಿಸಿದರು. ಮೆತ್ತನೆಯ ಮಣ್ಣನ್ನು ಗಟ್ಟಿ ಮಾಡಲು ಶೆರ್ಪಾಗಳು ಸಾಲಾಗಿ ನಿಂತು ಕುಣಿದರು. ಸಮುದ್ರಮಟ್ಟದಿಂದ ಸುಮಾರು 2,800 ಮೀಟರ್ ಎತ್ತರದ ಆ ಪಟ್ಟಿಯ ಉದ್ದ 527 ಮೀಟರ್ ಮಾತ್ರ. ಅದರ ಒಂದು ತುದಿ ಇನ್ನೊಂದಕ್ಕಿಂತ ಸುಮಾರು 60 ಮೀಟರ್ ಮೇಲಿದೆ. ಇಳಿಯುವ ವಿಮಾನ ಗುಡ್ಡ ಹತ್ತುತ್ತಾ ನಿಲ್ಲುತ್ತದೆ, ಹೊರಡುವ ವಿಮಾನ ಇಳಿಜಾರಿನಲ್ಲಿ ಓಡಿ ಕಣಿವೆಗೆ ಹಾರುತ್ತದೆ.

ರಾಯಲ್ ನೇಪಾಳ್ ಏರ್‌ಲೈನ್ಸ್‌ಗೆ ಟ್ವಿನ್ ಆಟರ್ ಬಂದದ್ದು 1971ರಲ್ಲಿ. ಜುಮ್ಲಾ, ಸಿಮಿಕೋಟ್‌ನಂಥ ಪಶ್ಚಿಮದ ಊರುಗಳಿಗೆ ಆಗ ರಸ್ತೆಯೇ ಇರಲಿಲ್ಲ. ಅಲ್ಲಿಯ ಜನಕ್ಕೆ ದಿನಗಟ್ಟಲೆ ನಡೆಯುವುದು, ಇಲ್ಲವೇ ವಿಮಾನ ಕಾಯುವುದು, ಇವೆರಡೇ ದಾರಿ. ಸೀಟುಗಳನ್ನು ಬಿಚ್ಚಿ ಬದಿಗಿಟ್ಟರೆ ವಿಮಾನವೇ ಲಾರಿ. ಹೋಗುವಾಗ ಅಕ್ಕಿಚೀಲ, ಬರುವಾಗ ಜುಮ್ಲಾದ ಸೇಬು. ಅದೇ ವಿಮಾನದಲ್ಲಿ ಗರ್ಭಿಣಿ, ಅದೇ ವಿಮಾನದಲ್ಲಿ ಶಾಲಾ ಮಾಸ್ತರು.

ಭಾರತ ಇಂಥದೇ ಕೆಲಸಕ್ಕೆ ಜರ್ಮನಿಯ ಡಾರ್ನಿಯರ್ 228 ವಿಮಾನವನ್ನು ಆರಿಸಿಕೊಂಡಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಎಚ್‌ಎಎಲ್, ತನ್ನ ಕಾನ್ಪುರದ ಕಾರ್ಖಾನೆಯಲ್ಲಿ 1980ರ ದಶಕದಿಂದ ಅದನ್ನು ಪರವಾನಗಿ ಪಡೆದು ಕಟ್ಟುತ್ತಾ ಬಂದಿದೆ. ಸಣ್ಣ ಊರುಗಳಿಗೆ ವಿಮಾನ ಮುಟ್ಟಿಸಲೆಂದು 1981ರಲ್ಲಿ ಆರಂಭವಾದ ವಾಯುದೂತ್ ಸಂಸ್ಥೆ ಡಾರ್ನಿಯರ್‌ಗಳನ್ನು ಹಾರಿಸಿತು, ಆದರೆ ನಷ್ಟದ ಭಾರ ತಡೆಯದೆ 1993ರಲ್ಲಿ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಲೀನವಾಯಿತು. ಭಾರತದಲ್ಲಿ ಕಟ್ಟಿದ ಡಾರ್ನಿಯರ್ ಮತ್ತೆ ನಾಗರಿಕರ ಸೇವೆಗೆ ಬಂದದ್ದು 2022ರ ಏಪ್ರಿಲ್‌ನಲ್ಲಿ, ಅಸ್ಸಾಮಿನ ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟ್‌ಗೆ. 'ಆಟರ್ಸ್' ಸ್ಕ್ವಾಡ್ರನ್ ಹಾರಿಸುವುದೂ ಡಾರ್ನಿಯರನ್ನೇ. ವಿಮಾನ ಬದಲಾದರೂ ಹೆಸರು ಮಾತ್ರ ನೀರುನಾಯಿಯದೇ ಉಳಿದಿದೆ.

<b>ಒಂದು ಕೈ ಖಾಲಿ ಬೇಕು</b>

ವಿಮಾನ ಇಳಿಯುವ ಪಟ್ಟಿಯಿಂದ ಮನೆ ಬಾಗಿಲಿನವರೆಗೆ ಮತ್ತೊಂದು ದಾರಿ ಇರುತ್ತದೆ. ಅದು ಹೆಚ್ಚಾಗಿ ಕಾಲುದಾರಿ. ಅಲ್ಲಿಂದ ಮುಂದಿನ ಇತಿಹಾಸ ಮೋಟಾರ್ ಸೈಕಲ್ಲಿನದು.

1958ರಲ್ಲಿ ಜಪಾನಿನ ಹೋಂಡಾ ಕಂಪನಿ ಸೂಪರ್ ಕಬ್ ಎಂಬ 50 ಸಿಸಿಯ ಪುಟ್ಟ ಬೈಕನ್ನು ಹೊರತಂದಿತು. ಅದರ ಹಿಂದೆ ಒಂದು ಸ್ವಾರಸ್ಯವಿದೆ. ಜಪಾನಿನ ಊಟದಂಗಡಿಗಳ ಹುಡುಗರು ಸೋಬಾ ಎಂಬ ಶಾವಿಗೆಯ ಬಟ್ಟಲುಗಳ ತಟ್ಟೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಗಾಡಿ ಓಡಿಸಿ ಗಿರಾಕಿಗಳಿಗೆ ಮುಟ್ಟಿಸುತ್ತಿದ್ದರು. ಅಂಥ ಹುಡುಗನೂ ಓಡಿಸುವಂತಿರಬೇಕು ಎಂಬ ಕಾರಣಕ್ಕೆ ಸೂಪರ್ ಕಬ್‌ನಲ್ಲಿ ಕೈಯಿಂದ ಒತ್ತುವ ಕ್ಲಚ್ ಇಡಲಿಲ್ಲ. ಅಂದರೆ ಆ ಬೈಕಿನ ನಕ್ಷೆ ಬರೆಯುವಾಗಲೇ ಹೊರೆಗೊಂದು ಜಾಗ ಇತ್ತು. 2017ರ ಹೊತ್ತಿಗೆ ಈ ಸರಣಿಯ ಬೈಕುಗಳ ಒಟ್ಟು ತಯಾರಿಕೆ 10 ಕೋಟಿ ಮುಟ್ಟಿತು. ವಿಯೆಟ್ನಾಮಿನಲ್ಲಂತೂ ಅದೇ ಸಂಸಾರದ ಗಾಡಿಯಾಯಿತು. ಹನೋಯ್‌ನಲ್ಲಿ ಚಾಂದ್ರಮಾನ ಹೊಸವರ್ಷ ಬಂತೆಂದರೆ ಕುಂಡ ಸಮೇತ ಕಿತ್ತಳೆ ಜಾತಿಯ ಗಿಡಗಳು, ಹೂಬಿಟ್ಟ ಪೀಚ್ ಕೊಂಬೆಗಳು ಬೈಕೇರಿ ಮನೆಗೆ ಹೋಗುತ್ತವೆ. ದೂರದಿಂದ ನೋಡಿದವರಿಗೆ ಮರವೇ ರಸ್ತೆಯಲ್ಲಿ ಓಡಿದಂತೆ ಕಾಣುತ್ತದೆ.

ಆಫ್ರಿಕಾದ ಕಥೆ ಬೇರೆ. ಕೆನ್ಯಾ ಮತ್ತು ಉಗಾಂಡಾ ನಡುವಿನ ಬುಸಿಯಾ ಗಡಿಯಲ್ಲಿ ಎರಡು ದೇಶಗಳ ಠಾಣೆಗಳ ನಡುವೆ ಜನರನ್ನೂ ಗಂಟುಮೂಟೆಯನ್ನೂ ಸೈಕಲ್ಲಿನಲ್ಲಿ ಸಾಗಿಸುವವರು 'ಬಾರ್ಡರ್, ಬಾರ್ಡರ್' ಎಂದು ಕೂಗುತ್ತಿದ್ದರು. ಅದು ಬಾಯಿಂದ ಬಾಯಿಗೆ ಸವೆದು 'ಬೋಡಾ ಬೋಡಾ' ಆಯಿತು. ಸೈಕಲ್ ಹೋಗಿ ಮೋಟಾರ್ ಸೈಕಲ್ ಬಂದರೂ ಹೆಸರು ಉಳಿಯಿತು. ಹಳ್ಳಿಯ ಆರೋಗ್ಯ ಕೇಂದ್ರದಿಂದ ರಕ್ತದ ಮಾದರಿಗಳನ್ನು ದೂರದ ಪ್ರಯೋಗಾಲಯಕ್ಕೆ ಒಯ್ಯುವ ಕೆಲಸವೂ ಉಗಾಂಡಾದಲ್ಲಿ ಬೈಕಿನ ಪಾಲಿಗೆ ಬಂತು.

ನಮ್ಮಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಆಮೇಲೆ ಯೆಜ್ಡಿ ಬೈಕುಗಳನ್ನು ಮಾಡಿತು. ಅವು ಶೋಕಿಯ ಗಾಡಿಗಳೆಂದು ಹೆಸರಾದವು. ಹೊರೆಯ ಹೆಸರು ಪಡೆದದ್ದು ಉತ್ತರದಲ್ಲಿ ರಾಜದೂತ್. ಇಕ್ಕೆಲದಲ್ಲೂ ಹಾಲಿನ ಕ್ಯಾನು ತೂಗುಹಾಕಿಕೊಂಡು ಅದು ಹಳ್ಳಿಯಿಂದ ಪೇಟೆಗೆ ಓಡಿತು. ದಕ್ಷಿಣದಲ್ಲಿ ಆ ಹೆಗ್ಗಳಿಕೆ 1980ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ 50 ಮೊಪೆಡ್ ಮತ್ತು ಅದರ ತಮ್ಮಂದಿರದ್ದು. ಸವಾರನ ಕಾಲಿನ ಮುಂದೆ ಚೀಲ ಇಡಲು ಬಿಟ್ಟ ಜಾಗವೇ ರೈತನಿಗೆ ಅದರ ದೊಡ್ಡ ಆಕರ್ಷಣೆ. ಗೊಬ್ಬರದ ಮೂಟೆ ಮುಂದೆ, ಹಸಿಹುಲ್ಲು ಹಿಂದೆ, ನಡುವೆ ಮನುಷ್ಯ.

<b>ತೂಕದ ಲೆಕ್ಕ</b>

ಆಕಾಶದ ಗಾಡಿಗೂ ನೆಲದ ಗಾಡಿಗೂ ಭೌತಶಾಸ್ತ್ರ ಒಂದೇ. ಎಷ್ಟು ತೂಕ ಹೇರಿದೆ ಎಂಬುದರ ಜೊತೆಗೆ ಎಲ್ಲಿ ಹೇರಿದೆ ಎಂಬುದೂ ಮುಖ್ಯ. ಸಣ್ಣ ವಿಮಾನದಲ್ಲಿ ಬಾಲದ ಕಡೆ ಭಾರ ಹೆಚ್ಚಾದರೆ ಮೂತಿ ಮೇಲೇಳುತ್ತದೆ, ವೇಗ ಕುಸಿಯುತ್ತದೆ, ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕೇ ಇಂಥ ವಿಮಾನಗಳಲ್ಲಿ ಚೀಲದ ಜೊತೆ ಪ್ರಯಾಣಿಕರನ್ನೂ ತಕ್ಕಡಿಯ ಮೇಲೆ ನಿಲ್ಲಿಸುವುದುಂಟು. ಟ್ವಿನ್ ಆಟರ್‌ನ ಬಹುಬಳಕೆಯ ಮಾದರಿ ಎಲ್ಲ ಸೇರಿ 5,670 ಕಿಲೋ ಮೀರುವಂತಿಲ್ಲ. ಎತ್ತರದ ಊರುಗಳಲ್ಲಿ ಗಾಳಿ ತೆಳು. ಅಲ್ಲಿ ಹೊರಬಹುದಾದ ತೂಕ ಇನ್ನೂ ಕಡಿಮೆ.

ಬೈಕಿನಲ್ಲೂ ಹೀಗೆಯೇ. ಹೊರೆ ಹಿಂದಿನ ಚಕ್ರದಿಂದಾಚೆಗೆ ಹೋದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ಹೊರೆ ಎತ್ತರವಾದರೆ ತಿರುವಿನಲ್ಲಿ ವಾಲುತ್ತದೆ. ಅಡ್ಡಗಲವಾದರೆ ಪಕ್ಕದ ಲಾರಿಗೆ ತಾಗುತ್ತದೆ. ವಿಮಾನದಲ್ಲಿ ಇದಕ್ಕೆಲ್ಲ ಕೋಷ್ಟಕಗಳಿವೆ, ಸಹಿ ಹಾಕುವ ಅಧಿಕಾರಿಯಿದ್ದಾನೆ. ಬೈಕಿನಲ್ಲಿ ಇರುವುದು ಸವಾರನ ಅಂದಾಜು, ಒಂದು ಹಗ್ಗ, ಹಳೆಯ ಟ್ಯೂಬಿನಿಂದ ಸೀಳಿದ ರಬ್ಬರ್ ಪಟ್ಟಿ.

<b>ಬೆಲೆ ತೆರುವವರು</b>

ಪಶ್ಚಿಮ ಬಂಗಾಳದ ಜಲಪಾಯಿಗುರಿಯ ಚಹಾ ತೋಟದ ಕಾರ್ಮಿಕ ಕರೀಮುಲ್ ಹಕ್, 1995ರಲ್ಲಿ ಆಂಬುಲೆನ್ಸ್ ಸಿಗದೆ ತಾಯಿಯನ್ನು ಕಳೆದುಕೊಂಡರು. ಮುಂದೆ ತೋಟದಲ್ಲಿ ಜೊತೆ ಕೆಲಸಗಾರನೊಬ್ಬ ಕುಸಿದಾಗ ಅವನನ್ನು ತಮ್ಮ ಬೆನ್ನಿಗೆ ಕಟ್ಟಿಕೊಂಡು ಬೈಕಿನಲ್ಲೇ ಆಸ್ಪತ್ರೆಗೆ ಒಯ್ದರು. ಆತ ಬದುಕಿದ. ಅಂದಿನಿಂದ ಅವರ ಬೈಕು ಸುತ್ತಲಿನ ಹಳ್ಳಿಗಳ ಆಂಬುಲೆನ್ಸ್ ಆಯಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗೌರವ ಸಲ್ಲಬೇಕಾದದ್ದೇ. ಆದರೆ ರೋಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಬೇಕಾದ ಸ್ಥಿತಿ ಗೌರವದ್ದಲ್ಲ. ಅಲ್ಲಿ ಇರಬೇಕಾಗಿದ್ದ ರಸ್ತೆ, ಬರಬೇಕಾಗಿದ್ದ ಗಾಡಿ ಎರಡೂ ಇರಲಿಲ್ಲ ಎಂಬುದಕ್ಕೆ ಆ ಬೈಕೇ ಸಾಕ್ಷಿ.

ನೇಪಾಳದ ಪುಟ್ಟ ವಿಮಾನಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ತಮ್ಮ ಮೋಡಗಳೊಳಗೆ ಕಲ್ಲುಗಳಿರುತ್ತವೆ ಎಂಬ ಮಾತು ಅಲ್ಲಿಯ ಪೈಲಟರಲ್ಲಿ ಬಳಕೆಯಲ್ಲಿದೆ. 2008ರಲ್ಲಿ ಲುಕ್ಲಾದಲ್ಲಿ ಇಳಿಯುತ್ತಿದ್ದ ಟ್ವಿನ್ ಆಟರ್ ಬಿದ್ದು 18 ಮಂದಿ ಸತ್ತರು. 2016ರಲ್ಲಿ 23, 2022ರಲ್ಲಿ 22 ಮಂದಿ ಇಂಥದೇ ವಿಮಾನಗಳಲ್ಲಿ ಪ್ರಾಣ ಬಿಟ್ಟರು. 2013ರ ಡಿಸೆಂಬರ್‌ನಲ್ಲಿ ಐರೋಪ್ಯ ಒಕ್ಕೂಟ ನೇಪಾಳದ ಎಲ್ಲ ವಿಮಾನ ಸಂಸ್ಥೆಗಳನ್ನೂ ತನ್ನ ಆಕಾಶದಿಂದ ಹೊರಗಿಟ್ಟಿತು. ಆದರೆ ಪರ್ವತದ ಊರಿನವರಿಗೆ ಆ ವಿಮಾನ ಬಿಟ್ಟರೆ ಆಯ್ಕೆ ಹೆಚ್ಚಿರಲಿಲ್ಲ.

ಡಿ ಹ್ಯಾವಿಲ್ಯಾಂಡ್ 1988ರಲ್ಲಿ 844 ವಿಮಾನಗಳಿಗೆ ಟ್ವಿನ್ ಆಟರ್ ತಯಾರಿಕೆ ನಿಲ್ಲಿಸಿತ್ತು. ಅದರ ಜಾಗ ತುಂಬುವ ಇನ್ನೊಂದು ಸಿಗದೆ, ಹಕ್ಕು ಕೊಂಡ ವೈಕಿಂಗ್ ಕಂಪನಿ ಮತ್ತೆ ಕಟ್ಟತೊಡಗಿ 2010ರಲ್ಲಿ ಹೊಸ ಸರಣಿಯ ಮೊದಲ ವಿಮಾನ ಕೊಟ್ಟಿತು. ದಾರಿ ಇಲ್ಲದ ಊರುಗಳು ಲೋಕದಲ್ಲಿ ಇನ್ನೂ ಮುಗಿದಿಲ್ಲ ಎಂಬುದಕ್ಕೆ ಇದೂ ಒಂದು ಲೆಕ್ಕ.

ಫಾರ್ಬಿಸ್‌ಗಂಜ್‌ನಲ್ಲಿ ಇಳಿದಿದ್ದ ಆ ವಿಮಾನ ನಲವತ್ತಕ್ಕೂ ಹೆಚ್ಚು ವರ್ಷ ದುಡಿಯಿತು. 2014ರ ಫೆಬ್ರುವರಿ 11ರಂದು ಸುಶೀಲ್ ಕೊಯಿರಾಲ ನೇಪಾಳದ ಪ್ರಧಾನಿಯಾದರು. ಐದು ದಿನ ಕಳೆದು, ಫೆಬ್ರುವರಿ 16ರಂದು ಅದೇ ವಿಮಾನ ಪೋಖರಾದಿಂದ ಜುಮ್ಲಾಕ್ಕೆ ಹೊರಟಿತು. ಹವಾಮಾನ ಕೆಟ್ಟಿತ್ತು. ಅರ್ಘಾಖಾಂಚಿ ಜಿಲ್ಲೆಯ ಗುಡ್ಡವೊಂದಕ್ಕೆ ಬಡಿದು ಒಳಗಿದ್ದ 18 ಮಂದಿಯೂ ತೀರಿಕೊಂಡರು. ಜುಮ್ಲಾಕ್ಕೆ ಅಷ್ಟರಲ್ಲಿ ರಸ್ತೆ ಬಂದಿತ್ತು. ಆದರೆ ದಿನಗಟ್ಟಲೆ ಹಿಡಿಯುವ ಆ ರಸ್ತೆಗಿಂತ ಹಳೆಯ ವಿಮಾನವೇ ಹತ್ತಿರ ಎಂದು ನಂಬಿ ಹತ್ತಿದವರು ಅವರು.