ಮುಂಚಾಚು ಕಿಟಕಿಯ ಪರದೆ ಮತ್ತು ಬ್ಲೈಂಡ್‌ಗಳು

ಗೋಡೆಯ ಮಟ್ಟದಿಂದ ಹೊರಕ್ಕೆ ಚಾಚಿಕೊಂಡು, ಮೂರು ಅಥವಾ ಹೆಚ್ಚು ಮುಖಗಳಲ್ಲಿ ಗಾಜು ಇರುವ ಕಿಟಕಿಯೇ ಮುಂಚಾಚು ಕಿಟಕಿ. ಕಟ್ಟಡ ಕೆಲಸದವರ ಬಾಯಲ್ಲಿ ಬೇ ವಿಂಡೋ. ದಾವಣಗೆರೆಯ ಎಸ್.ಎಸ್. ಬಡಾವಣೆಯಂಥ ವಸತಿ ಪ್ರದೇಶಗಳ ಮಹಡಿ ಮನೆಗಳಲ್ಲಿ ಇದು ಅಲ್ಲಲ್ಲಿ ಕಾಣಸಿಗುತ್ತದೆ. ಸಾಮಾನ್ಯ ಕಿಟಕಿಗೆ ಒಂದೇ ದಿಕ್ಕು, ಇದಕ್ಕೆ ಮೂರು. ಆದ್ದರಿಂದ ಪರದೆ ಆರಿಸುವಾಗ ಕೋಣೆಯ ಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು ಯಾವ ಮುಖಕ್ಕೆ ಯಾವ ತಿಂಗಳಲ್ಲಿ ಬಿಸಿಲು ಬೀಳುತ್ತದೆ ಎಂಬುದನ್ನು.

ಬಗೆಗಳು

ಪಕ್ಕದ ಮುಖಗಳು ನಡುವಿನ ಮುಖಕ್ಕೆ 135 ಡಿಗ್ರಿ ಒಳಕೋನದಲ್ಲಿ ಸೇರುವುದು ಓರೆ ಬಗೆ. 90 ಡಿಗ್ರಿಯಲ್ಲಿ ಸೇರುವುದು ಪೆಟ್ಟಿಗೆ ಬಗೆ. ಬಿಲ್ಲಿನಂತೆ ಬಾಗಿರುವುದು ಕಮಾನು ಬಗೆ. ಕಾಂಕ್ರೀಟ್ ಸೆಂಟ್ರಿಂಗ್‌ಗೆ ಸುಲಭವಾದದ್ದು ಪೆಟ್ಟಿಗೆ ಬಗೆ. ಒಳಗೆ ಕೂರಲು ಗ್ರಾನೈಟ್ ಹಾಸಿದ ಕಟ್ಟೆ ಇದ್ದರೆ ಪರದೆಯ ಉದ್ದ ಕಟ್ಟೆಯವರೆಗೆ ಸಾಕು. ನೆಲದವರೆಗೆ ಇಳಿಬಿಟ್ಟರೆ ಕಟ್ಟೆ ಮುಚ್ಚಿಹೋಗಿ ಚಾಚು ಕಟ್ಟಿಸಿದ ಉದ್ದೇಶವೇ ಕೆಡುತ್ತದೆ.

ಹಿನ್ನೆಲೆ

ಕರ್ನಾಟಕದಲ್ಲಿ ಹೊರಚಾಚಿದ ಕಿಟಕಿಯ ಹಳೆಯ, ಅತಿ ಸೊಗಸಾದ ಮಾದರಿಗಳಲ್ಲಿ ಒಂದು ವಿಜಯಪುರದ ಮೆಹತರ್ ಮಹಲಿನಲ್ಲಿದೆ. ಅಲ್ಲಿನ ಮೇಲಂತಸ್ತಿನ ಚಾಚುಗಳು ಮರಗೆಲಸವನ್ನೇ ಹೋಲುವ ಕಲ್ಲಿನ ಆಸರೆಗಳ ಮೇಲೆ ನಿಂತಿವೆ. ಬೆಂಗಳೂರಿನ ದಂಡು ಪ್ರದೇಶದ ಬಂಗಲೆಗಳಲ್ಲಿ ಇಂಗ್ಲಿಷ್ ಮಾದರಿಯ ಮುಂಚಾಚು ಕಿಟಕಿಗಳು ಬಂದವು. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲೂ ಬಂಗಲೆ ಶೈಲಿ ಹರಡಿತು. ಆ ಕಿಟಕಿಗಳ ಮೇಲೆ ಮರದ ಪಟ್ಟಿ ಹೊಡೆದ, ಚೂಪು ತಲೆಯ ‘ಮಂಕಿ ಟಾಪ್’ ಮುಸುಕು ಇರುತ್ತಿತ್ತು. ಅದು ಅಲಂಕಾರವಷ್ಟೇ ಅಲ್ಲ, ಬಿಸಿಲನ್ನು ಗಾಜಿನ ಹೊರಗೇ ತಡೆಯುವ ಉಪಾಯ. ಇಂದಿನ ಮನೆಗಳು ಚಾಚನ್ನು ಉಳಿಸಿಕೊಂಡು ಮುಸುಕನ್ನು ಕೈಬಿಟ್ಟಿವೆ. ಅದರ ಕೆಲಸವೆಲ್ಲ ಈಗ ಪರದೆಯ ಮೇಲೆ ಬಿದ್ದಿದೆ.

ದಾವಣಗೆರೆಯ ಬಿಸಿಲು

ನಗರ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಎರಡನೇ ವಾರದ ಹೊತ್ತಿಗೆ ಮತ್ತೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ಆಗ ದಕ್ಷಿಣದ ಗಾಜಿಗೆ ಮಧ್ಯಾಹ್ನ ನೇರ ಬಿಸಿಲೇ ಇಲ್ಲ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯನ ಎತ್ತರ ಸುಮಾರು 52 ಡಿಗ್ರಿ. ದಕ್ಷಿಣ ಮುಖಕ್ಕೆ ಎರಡಡಿ ಸಜ್ಜಾ ಇದ್ದರೆ ಆಗ ಅದರ ನೆರಳು ಎರಡೂವರೆ ಅಡಿಯಷ್ಟು ಕೆಳಗಿಳಿಯುತ್ತದೆ. ಮಾರ್ಚ್ 21ರ ಮಧ್ಯಾಹ್ನ ಅದೇ ನೆರಳು ಏಳಡಿ ದಾಟಿ ಇಡೀ ಕಿಟಕಿಯನ್ನು ಮುಚ್ಚುತ್ತದೆ. ದಕ್ಷಿಣಕ್ಕೆ ಸಜ್ಜಾ ಚೆನ್ನಾಗಿದ್ದರೆ ತೆಳು ಪರದೆ ಸಾಕು.

ಪಶ್ಚಿಮದ ಲೆಕ್ಕ ಬೇರೆ. ಮಾರ್ಚ್ 21ರಂದು ಗಡಿಯಾರದ ನಾಲ್ಕೂವರೆಯ ಹೊತ್ತಿಗೆ ಅದೇ ಎರಡಡಿ ಸಜ್ಜಾ ಪಶ್ಚಿಮದ ಗಾಜಿನ ಮೇಲ್ಭಾಗದ ಸುಮಾರು ಒಂದಡಿಯನ್ನಷ್ಟೇ ಕಾಯುತ್ತದೆ. ಉಳಿದದ್ದಕ್ಕೆಲ್ಲ ಬಿಸಿಲು ಹೊಡೆಯುತ್ತದೆ. ಓರೆ ಬಗೆಯ ಕಿಟಕಿ ಪಶ್ಚಿಮಕ್ಕಿದ್ದರೆ ಅದರ ಪಕ್ಕದ ಮುಖಗಳು ವಾಯವ್ಯ ಮತ್ತು ನೈಋತ್ಯಕ್ಕಿರುತ್ತವೆ. ಹೆಚ್ಚು ಸುಡುವುದು ನೈಋತ್ಯ ಎಂಬ ಎಣಿಕೆ ಸಾಮಾನ್ಯ. ಆದರೆ ಏಪ್ರಿಲ್ ಕೊನೆಗೆ ಸೂರ್ಯ ಮುಳುಗುವುದು ಪಶ್ಚಿಮದಿಂದ 15 ಡಿಗ್ರಿ ಉತ್ತರಕ್ಕೆ, ಜೂನ್‌ನಲ್ಲಿ 24 ಡಿಗ್ರಿ ಉತ್ತರಕ್ಕೆ. ಕಡು ಬೇಸಿಗೆಯ ಸಂಜೆ ಬಿಸಿಲು ನೈಋತ್ಯಕ್ಕಿಂತ ವಾಯವ್ಯ ಮುಖಕ್ಕೇ ಹೆಚ್ಚು ನೇರವಾಗಿ ಬೀಳುತ್ತದೆ. ನೈಋತ್ಯದ ಸರದಿ ಚಳಿಗಾಲದಲ್ಲಿ. ಆಗ ಅದು ಅಷ್ಟು ಕಾಡುವುದಿಲ್ಲ. ಆದ್ದರಿಂದ ಲೈನಿಂಗ್ ಹಾಕಿದ ದಪ್ಪ ಬಟ್ಟೆಯ ಖರ್ಚು ಪಶ್ಚಿಮ ಮತ್ತು ವಾಯವ್ಯಕ್ಕೆ ಮೊದಲು ಸಲ್ಲಬೇಕು. ಪೂರ್ವದ ಕಿಟಕಿಗೆ ಬೆಳಗಿನ ಬಿಸಿಲಿದ್ದರೂ ಕೋಣೆ ಆಗಿನ್ನೂ ತಂಪಾಗಿರುವುದರಿಂದ ತೊಂದರೆ ಕಡಿಮೆ.

ಒಳಗಿನ ಪರದೆಗೆ ಒಂದು ಮಿತಿಯಿದೆ. ಗಾಜು ದಾಟಿ ಬಂದ ಬಿಸಿಲನ್ನು ಬಟ್ಟೆ ಹೀರಿ ಶಾಖವಾಗಿ ಬಿಟ್ಟಾಗ, ಆ ಶಾಖದ ಹೆಚ್ಚಿನ ಪಾಲು ಗಾಜಿನ ಮೂಲಕ ಮರಳಿ ಹೊರಹೋಗದು. ಹೊರಮೈಗೆ ಬಿಳಿ ಅಥವಾ ತಿಳಿ ಬಣ್ಣದ ಲೈನಿಂಗ್ ಇದ್ದರೆ ಒಂದಿಷ್ಟು ಬೆಳಕು ಹಿಂದಕ್ಕೆ ಪುಟಿಯುತ್ತದೆ. ಆದರೆ ಗಾಜಿನ ಹೊರಗೆ ಇಳಿಬಿಟ್ಟ ಬಿದಿರಿನ ಚಿಕ್ಕು ಅಥವಾ ಲಾವಂಚದ ತಟ್ಟಿ ಮಾಡುವ ಕೆಲಸವನ್ನು ಒಳಗಿನ ಯಾವ ದುಬಾರಿ ಪರದೆಯೂ ಮಾಡಲಾರದು.

ಬಟ್ಟೆ

ದಾವಣಗೆರೆ ಬಹುಕಾಲ ನೂಲಿನ ಊರು. 1936ರಲ್ಲಿ ದಾವಣಗೆರೆ ಕಾಟನ್ ಮಿಲ್ಸ್ ಆರಂಭವಾದ ಮೇಲೆ ಹಲವು ಗಿರಣಿಗಳು ಬಂದು, ನಗರಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಅಂಟಿತು. ಮುಂದೆ ಒಂದೊಂದಾಗಿ ಬಾಗಿಲು ಮುಚ್ಚಿದವು. ಹರಿಹರದ ಎದುರು ದಡದಲ್ಲಿ, ತುಂಗಭದ್ರೆಯ ಆಚೆಯ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ನೀಲಗಿರಿ ಮರದ ತಿರುಳಿನಿಂದ ವಿಸ್ಕೋಸ್ ಎಳೆ ತಯಾರಿಸುವ ಉದ್ಯಮ ನೆಲೆಯೂರಿತು. ಹತ್ತಿಯಂತೆ ವಿಸ್ಕೋಸ್ ಕೂಡ ಪರದೆ ಬಟ್ಟೆಯಲ್ಲಿ ಬಳಕೆಯಲ್ಲಿದೆ.

ಹತ್ತಿ ಗಾಳಿಯಾಡುತ್ತದೆ, ಇಳಿಬಿದ್ದಾಗ ಗಂಭೀರವಾಗಿ ಕಾಣುತ್ತದೆ; ಆದರೆ ಪಶ್ಚಿಮದ ಬಿಸಿಲಿಗೆ ಬಣ್ಣ ಮಾಸುತ್ತದೆ, ಒಗೆದರೆ ಕುಗ್ಗುತ್ತದೆ. ವಿಸ್ಕೋಸ್ ನಯವಾಗಿ ಇಳಿಬೀಳುತ್ತದೆ. ಒದ್ದೆಯಾದಾಗ ಅದರ ಬಲ ಬಹಳ ಇಳಿಯುವುದರಿಂದ ಹಿಂಡಬಾರದು. ಎರಡನ್ನೂ ಹೊಲಿಸುವ ಮೊದಲೇ ನೀರಿಗೆ ಹಾಕಿ ಒಣಗಿಸಬೇಕು. ಪಾಲಿಯೆಸ್ಟರ್ ಕುಗ್ಗದು, ಬೇಗ ಒಣಗುತ್ತದೆ. ಎರೆಮಣ್ಣಿನ ಧೂಳು ಮತ್ತು ಮಂಡಕ್ಕಿ ಭಟ್ಟಿಗಳ ಮಸಿ ತಟ್ಟುವ ಕಡೆ ಪದೇಪದೇ ಒಗೆಯಲು ಅದೇ ಅನುಕೂಲ.

ಅಳತೆ

ಪರದೆ ಬಟ್ಟೆಯ ಸಾಮಾನ್ಯ ಪನ್ನ 48 ಇಂಚು. ನೆರಿಗೆ ತುಂಬಿ ಬರಲು ಕಿಟಕಿಯ ಅಗಲದ ಎರಡರಿಂದ ಎರಡೂವರೆ ಪಟ್ಟು ಬಟ್ಟೆ ಬೇಕು. ನಡುಮುಖ ನಾಲ್ಕಡಿ, ಪಕ್ಕದವು ತಲಾ ಎರಡೂವರೆ ಅಡಿ ಇರುವ ಕಿಟಕಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಟ್ಟು ಅಗಲ ಒಂಬತ್ತಡಿ, ಎರಡು ಪಟ್ಟು ಎಂದರೆ ಹದಿನೆಂಟಡಿ; ನಾಲ್ಕಡಿ ಪನ್ನದಲ್ಲಿ ನಾಲ್ಕೂವರೆ, ಅಂದರೆ ಐದು ತುಂಡು. ಇಳಿಜೋಲು 54 ಇಂಚು, ಮೇಲ್ಮಡಿಕೆ ಮತ್ತು ಕೆಳಮಡಿಕೆಗೆ 10 ಇಂಚು ಸೇರಿದರೆ ತುಂಡಿಗೆ 64 ಇಂಚು. ಒಟ್ಟು 320 ಇಂಚು, ಎಂಟು ಮೀಟರಿಗೆ ತುಸು ಹೆಚ್ಚು. ದೊಡ್ಡ ಹೂವಿನ ಪ್ರಿಂಟ್ ಇದ್ದರೆ ಹೂ ಹೊಂದಿಸಲು ಪ್ರತಿ ತುಂಡಿಗೂ ಇನ್ನಷ್ಟು ಬಿಡಬೇಕಾಗುತ್ತದೆ. ಐದನೆಯ ತುಂಡನ್ನು ಸೀಳಿ ಎರಡು ಬದಿಗೆ ಹಂಚುವುದು ದರ್ಜಿಯ ಕೆಲಸ.

ತೂಗುವ ವಿಧಾನದಲ್ಲಿ ತಪ್ಪುವುದು ಮೂಲೆಯಲ್ಲೇ. ರಿಂಗ್ ಹೊಡೆದ ಐಲೆಟ್ ಪರದೆ ಸಾಮಾನ್ಯ ರಾಡಿನ ಮೂಲೆ ದಾಟದು. ಮೂರು ಬಿಡಿ ರಾಡ್ ಹಾಕಿದರೆ ಮೂಲೆಗಳಲ್ಲಿ ಬೆಳಕಿನ ಸೀಳು ಉಳಿಯುತ್ತದೆ. ಕೋನಕ್ಕೆ ಬಗ್ಗಿಸಿ, ಸ್ಲ್ಯಾಬಿಗೆ ಅಥವಾ ಫಾಲ್ಸ್ ಸೀಲಿಂಗಿನ ಒಳಗಿನ ಮರಕ್ಕೆ ಬಿಗಿದ ಅಲ್ಯೂಮಿನಿಯಂ ಟ್ರ್ಯಾಕ್ ಈ ಎರಡನ್ನೂ ತಪ್ಪಿಸುತ್ತದೆ. ಬರೀ ಜಿಪ್ಸಂ ಹಲಗೆಗೆ ಸ್ಕ್ರೂ ಹೊಡೆದರೆ ಭಾರಕ್ಕೆ ಕಿತ್ತು ಬರುತ್ತದೆ.

ಬ್ಲೈಂಡ್‌ಗಳು

ಪ್ರತಿ ಮುಖಕ್ಕೂ ಬೇರೆ ಬ್ಲೈಂಡ್ ಬೇಕು. ಅಕ್ಕಪಕ್ಕದ ಬ್ಲೈಂಡ್‌ಗಳ ಮೇಲ್ತುದಿಯ ಪೆಟ್ಟಿಗೆಗಳು ಮೂಲೆಯಲ್ಲಿ ಡಿಕ್ಕಿಯಾಗದಂತೆ ಅಗಲ ತಗ್ಗಿಸುವುದು ಅಗತ್ಯ. 135 ಡಿಗ್ರಿಯ ಮೂಲೆಯಲ್ಲಿ ಪೆಟ್ಟಿಗೆಯ ಆಳದ 0.41ರಷ್ಟನ್ನು ಎರಡೂ ಕಡೆ ಬಿಡಬೇಕು. ಆಳ 5 ಸೆಂ.ಮೀ. ಇದ್ದರೆ ಸುಮಾರು 2 ಸೆಂ.ಮೀ. 90 ಡಿಗ್ರಿಯಲ್ಲಿ ನಡುವಿನದನ್ನು ಪೂರ್ತಿ ಅಗಲಕ್ಕೆ ಇಟ್ಟು ಪಕ್ಕದ್ದನ್ನು ಪೂರಾ 5 ಸೆಂ.ಮೀ. ತಗ್ಗಿಸುವುದೇ ಸುಲಭ. ಕಿಟಕಿ ಬಾಗಿಲು ಹೊರಗೆ ತೆರೆಯುವಂಥದ್ದಾಗಿ, ಒಳಗೆ ಗ್ರಿಲ್ ಇದ್ದರೆ ಕೊಕ್ಕೆಗೆ ಕೈ ತಲುಪಲು ದಾರಿ ಉಳಿಸಬೇಕು. ಸೊಳ್ಳೆ ಮೆಶ್ ಒಳಬದಿಯಲ್ಲಿದ್ದರೆ ಅದರ ಚೌಕಟ್ಟಿನ ದಪ್ಪವನ್ನೂ ಲೆಕ್ಕ ಹಿಡಿಯಬೇಕು.

ರೋಲರ್ ಬ್ಲೈಂಡ್ ಸರಳ, ಒರೆಸಲು ಸುಲಭ. ಜೀಬ್ರಾ ಬ್ಲೈಂಡ್ ಬೆಳಕನ್ನು ಹದ ಮಾಡುತ್ತದೆ, ಪೂರ್ತಿ ಕತ್ತಲೆ ಕೊಡದು. ವೆನೀಷಿಯನ್ ಪಟ್ಟಿಗಳ ಮೇಲೆ ಧೂಳು ಕೂರುತ್ತದೆ. ರೋಮನ್ ಬ್ಲೈಂಡ್ ಕಟ್ಟೆಯಿರುವ ಕಿಟಕಿಗೆ ಒಪ್ಪುತ್ತದೆ.

ಸುರಕ್ಷತೆ

ಬ್ಲೈಂಡಿನ ಹಗ್ಗ ಅಥವಾ ಮಣಿಸರದ ಕುಣಿಕೆ ಎಳೆಮಕ್ಕಳ ಕುತ್ತಿಗೆಗೆ ಸಿಕ್ಕಿ ಪ್ರಾಣಾಪಾಯ ಆಗಬಲ್ಲದು. ಮಕ್ಕಳು ಹತ್ತಿ ಕೂರುವ ಕಟ್ಟೆಯೇ ಇರುವ ಮುಂಚಾಚು ಕಿಟಕಿಯಲ್ಲಿ ಈ ಅಪಾಯ ಹೆಚ್ಚು. ಹಗ್ಗದ ಎತ್ತರವನ್ನು ನೆಲದಿಂದ ಅಲ್ಲ, ಕಟ್ಟೆಯಿಂದ ಅಳೆಯಬೇಕು. ಹಗ್ಗವಿಲ್ಲದ ಬಗೆ ಉತ್ತಮ; ಇಲ್ಲವಾದರೆ ಹಗ್ಗವನ್ನು ಗೋಡೆಯ ಕೊಕ್ಕೆಗೆ ಬಿಗಿಯಾಗಿ ಸುತ್ತಿಡಬೇಕು.